ಗುಂಡು ಕೀಲು ಅಲುಗಾಡಲೇಬೇಕು: ಟ್ರಾಕ್ಟರಿನ ಕೊಂಡಿ ಮತ್ತು ಕಂಪ್ಯೂಟರ್ ನಕ್ಷೆ



ಟ್ರಾಕ್ಟರಿನ ಹಿಂಬದಿಯಲ್ಲಿ ನೇಗಿಲನ್ನೋ ಕಲ್ಟಿವೇಟರನ್ನೋ ಸಿಕ್ಕಿಸುವ ಎರಡು ತೋಳುಗಳನ್ನು ನಾವೆಲ್ಲರೂ ನೋಡಿದ್ದೇವೆ. ಆ ತೋಳುಗಳ ತುದಿಯಲ್ಲಿ ಒಂದು ಉಕ್ಕಿನ ಗುಂಡು ಇರುತ್ತದೆ. ಗುಂಡಿನ ನಡುವೆ ತೂತು ಇರುತ್ತದೆ. ಕೈಯಿಂದ ತಿರುಗಿಸಿದರೆ ಅದು ಅತ್ತಿತ್ತ ಹೊರಳುತ್ತದೆ, ಆದರೆ ತೋಳಿನಿಂದ ಹೊರಗೆ ಬರುವುದಿಲ್ಲ. ಇದೇ ಗುಂಡು ಕೀಲು. ಬಾಲ್ ಜಾಯಿಂಟ್ ಎಂದರೆ ನಮ್ಮ ಗ್ಯಾರೇಜಿನ ಹುಡುಗರಿಗೆ ಬೇಗ ತಿಳಿಯುತ್ತದೆ. ಜೀಪಿನ ಸ್ಟೇರಿಂಗ್ ಕಂಬಿಯ ತುದಿಯಲ್ಲಿರುವುದೂ ಇದರ ಜಾತಿಯದೇ.

ಇಷ್ಟು ಸಣ್ಣ ವಸ್ತುವಿನ ಬಗ್ಗೆ ವಾರ್ತಾಪತ್ರದಲ್ಲಿ ಇಷ್ಟು ಪುಟ ಏಕೆ ಎಂದು ಸದಸ್ಯರು ಕೇಳಬಹುದು. ಕಾರಣವಿದೆ. ನಮ್ಮ ತೋಟಗಳು ಸಣ್ಣವು, ಇಳಿಜಾರಿನವು. ಕಂಪನಿಗಳು ಬಯಲಿಗಾಗಿ ಮಾಡಿದ ಸಲಕರಣೆ ನಮ್ಮ ಅಡಿಕೆ ಸಾಲಿನ ನಡುವೆ ಹಿಡಿಸುವುದಿಲ್ಲ. ಆದ್ದರಿಂದ ಗೊಬ್ಬರ ಸಾಗಿಸುವ ತೊಟ್ಟಿ, ಸಣ್ಣ ಕಳೆ ಕುಂಟೆ, ಕಾಲುವೆ ತೆಗೆಯುವ ಗುದ್ದಲಿ ಮುಂತಾದವನ್ನು ಊರಿನ ವರ್ಕ್‌ಶಾಪಿನಲ್ಲೇ ಮಾಡಿಸುವುದು ರೂಢಿ. ಹಿಂದೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ಬೆಸುಗೆ ಹಾಕುತ್ತಿದ್ದರು. ಈಗ ಮನೆಯ ಮಕ್ಕಳು ಪಾಲಿಟೆಕ್ನಿಕ್ ಓದಿ ಬಂದು ಕಂಪ್ಯೂಟರಿನಲ್ಲೇ ಇಡೀ ಸಲಕರಣೆಯನ್ನು ಬರೆದು, ಪರದೆಯ ಮೇಲೆ ಎತ್ತಿ ಇಳಿಸಿ ತೋರಿಸುತ್ತಾರೆ. ಇದು ಒಳ್ಳೆಯದೇ. ಆದರೆ ಪರದೆಯ ಮೇಲೆ ಗುಂಡು ಕೀಲನ್ನು ತಪ್ಪಾಗಿ ಜೋಡಿಸಿದರೆ ಚಿತ್ರ ಚೆಂದ ಕಂಡು, ತೋಟದಲ್ಲಿ ಕಬ್ಬಿಣ ಮುರಿಯುತ್ತದೆ. ಹಣ ಹೋಗುವುದು ಬೆಳೆಗಾರನದು. ಇಳಿಜಾರಿನಲ್ಲಿ ಮುರಿದರೆ ಹಣದ ಮಾತಷ್ಟೇ ಅಲ್ಲ.

ಜಿಡಗಾದ ಹೊಲದಿಂದ ಆರಂಭಿಸೋಣ

ಈ ಕೀಲಿನ ಕೆಲಸವನ್ನು ಕಣ್ಣಾರೆ ನೋಡಬೇಕಾದರೆ ನಮ್ಮ ಘಟ್ಟಕ್ಕಿಂತ ಬಯಲುಸೀಮೆಯೇ ಒಳ್ಳೆಯ ಪಾಠಶಾಲೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ಜಿಡಗಾ ಎಂಬ ಊರಿದೆ. ಮಠದಿಂದ ಹೆಸರಾದ ಊರು. ಸುತ್ತಲೂ ಎರೆಭೂಮಿ, ತೊಗರಿ ಮತ್ತು ಜೋಳದ ಸೀಮೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಮೇಣದಂತೆ ಅಂಟುತ್ತದೆ. ಅಂಥ ಹೊಲದಲ್ಲಿ ಟ್ರಾಕ್ಟರು ಕಲ್ಟಿವೇಟರ್ ಎಳೆಯುವಾಗ ಒಂದು ಹಲ್ಲಿಗೆ ಹೆಂಟೆ ಸಿಕ್ಕುತ್ತದೆ, ಪಕ್ಕದ ಹಲ್ಲು ಬಿರುಕಿನಲ್ಲಿ ಇಳಿಯುತ್ತದೆ. ಸಲಕರಣೆ ಒಂದು ಕ್ಷಣ ಎಡಕ್ಕೆ, ಮರುಕ್ಷಣ ಬಲಕ್ಕೆ ಎಳೆಯುತ್ತದೆ. ಆಗ ತೋಳುಗಳ ತುದಿಯನ್ನು ನೋಡಿದರೆ ಗುಂಡುಗಳು ಎಡೆಬಿಡದೆ ಹೊರಳುತ್ತಿರುವುದು ಕಾಣುತ್ತದೆ. ಹೊರಳುವುದರಿಂದಲೇ ತೋಳು ಉಳಿಯುತ್ತದೆ. ಗುಂಡಿನ ಬದಲು ಅಲ್ಲಿ ಬೆಸುಗೆ ಇದ್ದಿದ್ದರೆ ಮೊದಲ ಹೆಂಟೆಗೇ ತೋಳು ಬಾಗುತ್ತಿತ್ತು.

ನಮ್ಮಲ್ಲಿ ಹೆಂಟೆಯ ಬದಲು ಬೇರು, ಬಿರುಕಿನ ಬದಲು ಬದು ಮತ್ತು ಬಸಿಗಾಲುವೆ. ಮಣ್ಣು ಬೇರೆಯಾದರೂ ಕೀಲಿನ ಕೆಲಸ ಒಂದೇ.

ಮೂರು ಬಿಂದುವಿನ ಈ ಕೊಂಡಿಯನ್ನು ಜಗತ್ತಿಗೆ ಕೊಟ್ಟವರು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್. 1938ರಲ್ಲಿ ಅವರು ಅಮೆರಿಕದ ಹೆನ್ರಿ ಫೋರ್ಡ್ ಜೊತೆ ಕೈಕುಲುಕಿ ಒಪ್ಪಂದ ಮಾಡಿಕೊಂಡರು. 1939ರಲ್ಲಿ ಈ ಕೊಂಡಿಯುಳ್ಳ ಫೋರ್ಡ್ ಟ್ರಾಕ್ಟರು ಮಾರುಕಟ್ಟೆಗೆ ಬಂತು. ನಮ್ಮ ದೇಶದಲ್ಲಿ 1960ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಟಾಫೆ ಸಂಸ್ಥೆಯು ಮ್ಯಾಸ್ಸಿ ಫರ್ಗ್ಯೂಸನ್ ಟ್ರಾಕ್ಟರುಗಳನ್ನು ತಯಾರಿಸಿ ಈ ಕೊಂಡಿಯನ್ನು ಹಳ್ಳಿ ಹಳ್ಳಿಗೆ ಪರಿಚಯಿಸಿತು. ಈಗ ಎಲ್ಲ ಕಂಪನಿಗಳ ಟ್ರಾಕ್ಟರಿಗೂ ಇದೇ ಕೊಂಡಿ. ಅಳತೆಗಳೂ ಅಂತರರಾಷ್ಟ್ರೀಯವಾಗಿ ಗೊತ್ತಾದವು. ಒಂದನೆಯ ದರ್ಜೆಯ ಕೊಂಡಿಯಲ್ಲಿ ಕೆಳತೋಳಿನ ಪಿನ್ನು ಸುಮಾರು 22 ಮಿ.ಮೀ., ಮೇಲ್ತೋಳಿನದು 19 ಮಿ.ಮೀ. ಎರಡನೆಯ ದರ್ಜೆಯಲ್ಲಿ ಕ್ರಮವಾಗಿ 28 ಮತ್ತು 25 ಮಿ.ಮೀ. ಸಲಕರಣೆ ಮಾಡಿಸುವ ಮುನ್ನ ನಮ್ಮ ಟ್ರಾಕ್ಟರು ಯಾವ ದರ್ಜೆಯದು ಎಂದು ನೋಡಿಕೊಳ್ಳುವುದು ಮೊದಲ ಕೆಲಸ.

ಚಲನೆಯ ಆರು ದಾರಿಗಳು

ಕಂಪ್ಯೂಟರಿಗೆ ಕೀಲು ಎಂದರೇನೆಂದು ತಿಳಿಸಬೇಕಾದರೆ ನಾವು ಮೊದಲು ಚಲನೆಯನ್ನು ಎಣಿಸಲು ಕಲಿಯಬೇಕು.

ಅಂಗಳದಲ್ಲಿ ಒಂದು ತೆಂಗಿನಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ಅದನ್ನು ಹಿಂದೆ ಮುಂದೆ ಸರಿಸಬಹುದು, ಎಡಬಲಕ್ಕೆ ಸರಿಸಬಹುದು, ಮೇಲೆ ಕೆಳಗೆ ಸರಿಸಬಹುದು. ಇವು ಮೂರು. ಜಾಗ ಬದಲಿಸದೆ ಅದನ್ನು ಮುಂದಕ್ಕೆ ಉರುಳಿಸಬಹುದು, ಪಕ್ಕಕ್ಕೆ ವಾಲಿಸಬಹುದು, ಬುಗುರಿಯಂತೆ ತಿರುಗಿಸಬಹುದು. ಇವು ಇನ್ನು ಮೂರು. ಒಟ್ಟು ಆರು ದಾರಿ. ಲೋಕದಲ್ಲಿರುವ ಯಾವ ಗಟ್ಟಿ ವಸ್ತುವಿಗೂ ಏಳನೆಯ ದಾರಿ ಇಲ್ಲ.

ಕೀಲು ಎಂದರೆ ಈ ಆರರಲ್ಲಿ ಕೆಲವನ್ನು ಮುಚ್ಚಿ ಕೆಲವನ್ನು ತೆರೆದಿಡುವ ಏರ್ಪಾಡು.

1. ಬೆಸುಗೆ: ಆರೂ ಮುಚ್ಚಿವೆ. ತೆರೆದದ್ದು ಸೊನ್ನೆ.
2. ಬಾಗಿಲ ಕೀಲು: ಒಂದೇ ತಿರುಗಾಟ. ತೆರೆದದ್ದು ಒಂದು.
3. ಮೇಜಿನ ಸೆಳೆಖಾನೆ: ಒಂದೇ ಸರಿದಾಟ. ತೆರೆದದ್ದು ಒಂದು.
4. ತೂತಿನಲ್ಲಿ ಸಡಿಲವಾಗಿರುವ ಸರಳು: ಸರಿಯುತ್ತದೆ, ತಿರುಗುತ್ತದೆ. ತೆರೆದದ್ದು ಎರಡು.
5. ಗುಂಡು ಕೀಲು: ಸರಿಯುವ ಮೂರೂ ದಾರಿ ಮುಚ್ಚಿವೆ, ತಿರುಗುವ ಮೂರೂ ತೆರೆದಿವೆ. ತೆರೆದದ್ದು ಮೂರು.

ನಮ್ಮ ಮೈಯಲ್ಲೇ ಎರಡು ಬಗೆಯ ಗುಂಡು ಕೀಲು ಇವೆ. ಸೊಂಟದ ಕೀಲಿನಲ್ಲಿ ಬಟ್ಟಲು ಆಳ, ಭಾರ ಹೊರುತ್ತದೆ, ತಿರುಗಾಟ ಕಡಿಮೆ. ಭುಜದ ಕೀಲಿನಲ್ಲಿ ಬಟ್ಟಲು ಆಳವಿಲ್ಲ, ಕೈ ಎಲ್ಲ ಕಡೆಗೂ ತಿರುಗುತ್ತದೆ, ಆದರೆ ಬೇಗ ಉಳುಕುತ್ತದೆ. ಹಿಡಿತ ಹೆಚ್ಚಿದಷ್ಟೂ ತಿರುಗಾಟ ಕಡಿಮೆ ಎಂಬ ಈ ನಿಯಮ ಕಬ್ಬಿಣದ ಕೀಲಿಗೂ ಅನ್ವಯಿಸುತ್ತದೆ.

ಪಿ.ಟಿ.ಒ. ಶಾಫ್ಟಿನಲ್ಲಿರುವ ಶಿಲುಬೆಯಾಕಾರದ ಕೀಲನ್ನು ಕೆಲವರು ಗುಂಡು ಕೀಲೆಂದೇ ಬರೆಯುತ್ತಾರೆ. ಅದು ತಪ್ಪು. ಶಿಲುಬೆ ಕೀಲು ಎರಡು ಕಡೆಗೆ ಬಾಗುತ್ತದೆ, ಆದರೆ ಬುಗುರಿಯ ತಿರುಗಾಟವನ್ನು ಇತ್ತಣಿಂದತ್ತ ದಾಟಿಸುತ್ತದೆ. ಅದು ಇರುವುದೇ ಅದಕ್ಕಾಗಿ. ಗುಂಡು ಕೀಲು ತಿರುಗಾಟವನ್ನು ದಾಟಿಸಲಾರದು.

ಪರದೆಯ ಮೇಲೆ ಜೋಡಿಸುವ ಕ್ರಮ

ಕಂಪ್ಯೂಟರಿನಲ್ಲಿ ಗೆರೆ ಎಳೆದು, ಈ ಗೆರೆ ಆ ಗೆರೆಗೆ ಸಮಾನಾಂತರವಾಗಿರಲಿ ಎಂದು ಕಟ್ಟಳೆ ಹಾಕುವ ಪದ್ಧತಿ 1963ರಲ್ಲಿ ಐವನ್ ಸದರ್ಲೆಂಡ್ ಎಂಬುವರು ತಯಾರಿಸಿದ ಸ್ಕೆಚ್‌ಪ್ಯಾಡ್ ಎಂಬ ಕಾರ್ಯಕ್ರಮದಷ್ಟು ಹಳೆಯದು. ಇಂದಿನ ನಕ್ಷೆ ತಂತ್ರಾಂಶಗಳು ಬಿಡಿಭಾಗಗಳಿಗೂ ಅಂಥದೇ ಕಟ್ಟಳೆ ಹಾಕುತ್ತವೆ. ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶಗಳು ಹಲವು. ಆದರೆ ಸಣ್ಣ ಬೆಳೆಗಾರರ ಮಕ್ಕಳಿಗೆ ಉಚಿತವಾಗಿ ಸಿಗುವ ಫ್ರೀಕ್ಯಾಡ್ ಸಾಕು. 2024ರ ನವೆಂಬರಿನಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ ಬಿಡಿಭಾಗಗಳನ್ನು ಜೋಡಿಸುವ ವಿಭಾಗ ಸೇರಿದೆ. ಗುಂಡು ಕೀಲಿಗೂ ಅದರಲ್ಲಿ ಪ್ರತ್ಯೇಕ ಆಜ್ಞೆ ಇದೆ.

ಯಾವ ತಂತ್ರಾಂಶವಾದರೂ ಕ್ರಮ ಹೆಚ್ಚು ಕಡಿಮೆ ಹೀಗೆ.

ಮೊದಲು, ಒಂದು ಭಾಗವನ್ನು ನೆಲಕ್ಕೆ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ ಟ್ರಾಕ್ಟರಿನ ಹಿಂಭಾಗವೇ ನೆಲ. ಇದನ್ನು ಮರೆತರೆ ಸಲಕರಣೆ ಎತ್ತಿದಾಗ ಪರದೆಯ ಮೇಲೆ ಟ್ರಾಕ್ಟರೇ ತೇಲಾಡುತ್ತದೆ.

ಎರಡನೆಯದಾಗಿ, ಗುಂಡಿಗೆ ಒಂದು ನಡುಬಿಂದು, ಬಟ್ಟಲಿಗೆ ಒಂದು ನಡುಬಿಂದು ಗುರುತಿಸಬೇಕು. ಗುಂಡು ಕೀಲು ಎಂದರೆ ಈ ಎರಡು ಬಿಂದುಗಳು ಎಂದೆಂದೂ ಒಂದೇ ಕಡೆ ಇರಬೇಕೆಂಬ ಕಟ್ಟಳೆ, ಬೇರೇನೂ ಅಲ್ಲ. ಹೊಸಬರು ಗುಂಡಿನ ಮೈಯನ್ನು ಬಟ್ಟಲಿನ ಮೈಗೆ ತಾಗಿಸಲು ಹೋಗುತ್ತಾರೆ. ಬಟ್ಟಲು ಗುಂಡಿಗಿಂತ ಕೂದಲೆಳೆಯಷ್ಟು ದೊಡ್ಡದಿರುವುದರಿಂದ, ಮೈಗೆ ಮೈ ತಾಗಿಸಿದರೆ ಗುಂಡು ಬಟ್ಟಲಿನ ಒಂದು ಮಗ್ಗುಲಿಗೆ ಒರಗುತ್ತದೆ. ಅಳತೆ ಅಲ್ಲಿಂದಲೇ ತಪ್ಪುತ್ತದೆ.

ಮೂರನೆಯದಾಗಿ, ಟ್ರಾಕ್ಟರಿನ ಗುಂಡು ಪೂರ್ಣ ಗೋಳವಲ್ಲ ಎಂಬುದನ್ನು ಗಮನಿಸಬೇಕು. ಎರಡೂ ಬದಿ ಸಪಾಟಾಗಿ ಕತ್ತರಿಸಿ ನಡುವೆ ತೂತು ಕೊರೆದಿರುತ್ತದೆ. ಆದ್ದರಿಂದ ಕೆಲವೊಮ್ಮೆ ತಂತ್ರಾಂಶಕ್ಕೆ ಅದರ ನಡು ತಾನಾಗಿ ಸಿಗುವುದಿಲ್ಲ, ತೂತಿನ ಅಂಚಿನ ನಡುವನ್ನೇ ಹಿಡಿದುಬಿಡುತ್ತದೆ. ಒಂದನೆಯ ದರ್ಜೆಯ ಕೆಳತೋಳಿನ ಗುಂಡಿನ ಅಗಲ 35 ಮಿ.ಮೀ. ಅಂಚನ್ನು ನಡುವೆಂದು ಹಿಡಿದರೆ 17.5 ಮಿ.ಮೀ. ತಪ್ಪು. ಎರಡೂ ಬದಿಗೆ ಹೀಗಾದರೆ ಸಲಕರಣೆಯ ಅಗಲ 35 ಮಿ.ಮೀ. ಹೆಚ್ಚೋ ಕಡಿಮೆಯೋ ಆಗಿ, ತಯಾರಾದ ಮೇಲೆ ತೋಳಿಗೆ ಕೂರುವುದೇ ಇಲ್ಲ. ತೂತಿನ ನಡುಗೆರೆಯ ಮೇಲೆ, ಅಗಲದ ಸರಿ ಅರ್ಧದಲ್ಲಿ ನಾವೇ ಒಂದು ಬಿಂದು ಇಟ್ಟುಕೊಳ್ಳಬೇಕು.

ನಾಲ್ಕನೆಯದಾಗಿ, ಪಿನ್ನನ್ನೂ ಗುಂಡನ್ನೂ ಲೆಕ್ಕಕ್ಕೆ ಒಂದೇ ಭಾಗವಾಗಿ ಹಿಡಿಯುವುದು ಒಳ್ಳೆಯದು. ನಿಜದಲ್ಲಿ ಗುಂಡು ಪಿನ್ನಿನ ಮೇಲೂ ಸುತ್ತುತ್ತದೆ. ಆದರೆ ಅದನ್ನೂ ಬೇರೆ ಕೀಲೆಂದು ಕೊಟ್ಟರೆ ಒಂದೇ ಚಲನೆಗೆ ಎರಡು ಒಡೆಯರಾಗಿ ಕಂಪ್ಯೂಟರು ಯಾವುದನ್ನು ತಿರುಗಿಸಬೇಕೆಂದು ತಿಳಿಯದೆ ತಡವರಿಸುತ್ತದೆ.

ಕೊಂಡಿಯ ಲೆಕ್ಕ

ಎಲ್ಲ ಕೀಲು ಹಾಕಿದ ಮೇಲೆ ಜೋಡಣೆ ಸರಿಯಾಗಿದೆಯೇ ಎಂದು ನೋಡಲು ಒಂದು ಸುಲಭದ ಲೆಕ್ಕವಿದೆ. ಸಾಲ ಮತ್ತು ಜಮೆ ತೂಗಿ ನೋಡುವಂತೆಯೇ ಇದು.

ಟ್ರಾಕ್ಟರು ನೆಲ, ಅದನ್ನು ಬಿಡಿ. ಉಳಿದದ್ದು ಎರಡು ಕೆಳತೋಳು, ಒಂದು ಮೇಲ್ತೋಳು, ಒಂದು ಸಲಕರಣೆ. ನಾಲ್ಕು ಭಾಗ. ಭಾಗಕ್ಕೆ ಆರು ದಾರಿಯಂತೆ 24 ದಾರಿ ಜಮೆ. ಪ್ರತಿ ತೋಳಿಗೂ ಎರಡು ತುದಿ, ಎರಡರಲ್ಲೂ ಗುಂಡು ಕೀಲು. ಒಟ್ಟು ಆರು ಕೀಲು. ಒಂದೊಂದು ಕೀಲೂ ಮೂರು ದಾರಿ ಮುಚ್ಚುತ್ತದೆ. 18 ಖರ್ಚು. ಉಳಿಕೆ 6.

ಈ ಆರರಲ್ಲಿ ಮೂರು ಲೆಕ್ಕಕ್ಕೆ ಬಾರದವು. ಎರಡೂ ತುದಿಯಲ್ಲಿ ಗುಂಡಿರುವ ತೋಳು ತನ್ನ ಉದ್ದದ ಮೇಲೆ ತಾನೇ ಬುಗುರಿಯಂತೆ ತಿರುಗಬಹುದು. ಅದರಿಂದ ಸಲಕರಣೆಗೆ ಏನೂ ಆಗದು. ಮೂರು ತೋಳಿಗೆ ಅಂಥ ಮೂರು ತಿರುಗಾಟ. ಕಂಪ್ಯೂಟರು ಇದನ್ನು ಎತ್ತಿ ತೋರಿಸಿದರೆ ಗಾಬರಿ ಬೇಡ, ಅದಕ್ಕಾಗಿ ಕೀಲನ್ನು ಬಿಗಿಮಾಡಲೂ ಬೇಡ.

ಉಳಿದ ಮೂರೇ ನಿಜವಾದವು: ಸಲಕರಣೆ ಮೇಲೆ ಕೆಳಗೆ ಹೋಗುವುದು, ಎಡಬಲಕ್ಕೆ ತೂಗುವುದು, ಒಂದು ಬದಿಗೆ ವಾಲುವುದು. ಇವನ್ನು ಹತೋಟಿಗೆ ತರುವವು ಬೇರೆ ಭಾಗಗಳು. ಎಡ ಮತ್ತು ಬಲದ ಎತ್ತುವ ಕಂಬಿಗಳು ಎರಡು ದಾರಿ ಮುಚ್ಚುತ್ತವೆ: ಏರಿಳಿತ ಮತ್ತು ವಾಲಾಟ. ತಡೆ ಸರಪಳಿಗಳು ಮೂರನೆಯದಾದ ತೂಗಾಟವನ್ನು ಮಿತಿಯಲ್ಲಿಡುತ್ತವೆ. ಈಗ ಉಳಿಕೆ ಸೊನ್ನೆ. ಹೈಡ್ರಾಲಿಕ್ ಸನ್ನೆಯನ್ನು ಎಳೆದಾಗ ಎತ್ತುವ ಕೈ ತಿರುಗಿ ಒಂದೇ ಒಂದು ದಾರಿ ತೆರೆಯುತ್ತದೆ. ಸಲಕರಣೆ ಏಳುತ್ತದೆ.

ಈ ಲೆಕ್ಕ ತಿಳಿದವರಿಗೆ ಟ್ರಾಕ್ಟರಿನ ಹಿಂಭಾಗದ ಪ್ರತಿ ಕಂಬಿಯೂ ಏಕಿದೆ ಎಂದು ಅರ್ಥವಾಗುತ್ತದೆ. ತಡೆ ಸರಪಳಿ ಸುಮ್ಮನೆ ನೇತಾಡುವ ವಸ್ತುವೆಂದು ಬಿಚ್ಚಿಟ್ಟು ಓಡಿಸುವವರನ್ನು ನಾವು ನೋಡಿದ್ದೇವೆ. ಅವರು ಬಿಚ್ಚಿಟ್ಟದ್ದು ಮೂರರಲ್ಲಿ ಒಂದು ಹತೋಟಿಯನ್ನು. ಇಳಿಜಾರಿನಲ್ಲಿ ಸಲಕರಣೆ ಕೆಳಮಗ್ಗುಲಿಗೆ ತೂಗಿ ಟಯರಿಗೆ ಉಜ್ಜುವುದು ಆಗಲೇ.

ಪರದೆಯ ಮೇಲೆ ಆಗುವ ಸಾಮಾನ್ಯ ತಪ್ಪೂ ಇಲ್ಲೇ. ಬರೆಯುವವರು ಗುಂಡು ಕೀಲಿನ ಜಾಗದಲ್ಲಿ ಬಾಗಿಲ ಕೀಲು ಹಾಕುತ್ತಾರೆ. ಮೇಲೆ ಕೆಳಗೆ ಎತ್ತಿದರೆ ಎರಡೂ ಒಂದೇ ರೀತಿ ಕಾಣುತ್ತವೆ, ಆದ್ದರಿಂದ ತಪ್ಪು ಗೊತ್ತಾಗುವುದಿಲ್ಲ. ಆದರೆ ಬಾಗಿಲ ಕೀಲಿನಿಂದ ಎಡಬಲದ ತೂಗಾಟ ಚಿತ್ರದಿಂದಲೇ ಮಾಯವಾಗುತ್ತದೆ. ತಡೆ ಸರಪಳಿ ಬೇಕಿಲ್ಲವೆಂದು ತೋರುತ್ತದೆ. ಟಯರಿಗೂ ಸಲಕರಣೆಗೂ ನಡುವೆ ಎರಡು ಬೆರಳು ಜಾಗ ಸಾಕೆಂದು ತೋರುತ್ತದೆ. ಹೊಲದಲ್ಲಿ ಗುಂಡು ತನ್ನ ಕೆಲಸ ತಾನು ಮಾಡುತ್ತದೆ.

ಎಷ್ಟು ಹೊರಳಬಹುದು?

ಇನ್ನೊಂದು ತಪ್ಪು ಇದಕ್ಕೆ ವಿರುದ್ಧವಾದದ್ದು. ಅದನ್ನು ನಾವೇ ಮಾಡಿದ್ದೇವೆ, ಆದ್ದರಿಂದ ಹೇಳಲು ಸಂಕೋಚವಿಲ್ಲ.

ಸಣ್ಣ ಟ್ರಾಕ್ಟರಿಗೆಂದು ಗೊಬ್ಬರದ ತೊಟ್ಟಿಯೊಂದರ ನಕ್ಷೆಯನ್ನು ನಾವು ಬರೆಸಿದೆವು. ಕೀಲುಗಳನ್ನು ಸರಿಯಾಗಿಯೇ ಹಾಕಿದ್ದೆವು. ಪರದೆಯ ಮೇಲೆ ತೊಟ್ಟಿ ಹೇಗೆ ಬೇಕಾದರೂ ಹೊರಳಿತು, ಸಂತೋಷಪಟ್ಟೆವು. ಕಂಪ್ಯೂಟರಿನ ಗುಂಡು ಕೀಲಿಗೆ ತಾನಾಗಿ ಮಿತಿ ಇಲ್ಲ, ನಾವು ಹೇಳದಿದ್ದರೆ ಅದು ಕಬ್ಬಿಣದೊಳಗೆ ಕಬ್ಬಿಣ ತೂರಿಸಿ ತಿರುಗುತ್ತದೆ ಎಂಬುದು ಅಂದು ನಮಗೆ ಹೊಳೆಯಲಿಲ್ಲ. ತೋಟದ ಇಳಿಜಾರಿನಲ್ಲಿ ತೊಟ್ಟಿ ಮಟ್ಟವಾಗಿರಲೆಂದು ಬಲದ ಎತ್ತುವ ಕಂಬಿಯನ್ನು ಉದ್ದ ಮಾಡಿದೆವು. ಸಾಲಿನ ಕೊನೆಯಲ್ಲಿ ತಿರುಗಿಸುವಾಗ ತೊಟ್ಟಿಯ ಕಿವಿಯ ಬೆಸುಗೆ ಬಿರುಕು ಬಿಟ್ಟಿತು. ಬೆಸುಗೆ ಹಾಕಿದವರ ತಪ್ಪೆಂದು ಮೊದಲು ಅವರನ್ನೇ ದೂರಿದೆವು. ತಪ್ಪು ನಮ್ಮ ನಕ್ಷೆಯದಾಗಿತ್ತು.

ಲೆಕ್ಕ ಹೀಗಿದೆ. ಎರಡು ಕೆಳತೋಳುಗಳ ಪಿನ್ನುಗಳ ನಡುವೆ 70 ಸೆಂ.ಮೀ. ಅಂತರವೆಂದು ಹಿಡಿಯಿರಿ. ಬಲದ ತೋಳು 9 ಸೆಂ.ಮೀ. ಕೆಳಗಿಳಿದರೆ ತೊಟ್ಟಿ ಸುಮಾರು 7 ಡಿಗ್ರಿ ವಾಲುತ್ತದೆ. ಅಷ್ಟು ವಾಲಲು ಗುಂಡು 7 ಡಿಗ್ರಿ ಹೊರಳಬೇಕು. ಆದರೆ ತೋಳಿನ ಕಣ್ಣಿಗೂ ತೊಟ್ಟಿಯ ಕಿವಿಗೂ ನಡುವೆ ಇದ್ದ ಸಂದು 4 ಮಿ.ಮೀ. ಮಾತ್ರ, ಕಿವಿಯು ಪಿನ್ನಿನ ನಡುವಿನಿಂದ 40 ಮಿ.ಮೀ. ವರೆಗೆ ಚಾಚಿತ್ತು. ನಾಲ್ಕನ್ನು ನಲವತ್ತರಿಂದ ಭಾಗಿಸಿದರೆ ಹತ್ತರಲ್ಲೊಂದು ಪಾಲು, ಅಂದರೆ 6 ಡಿಗ್ರಿಗಿಂತ ಕಡಿಮೆ. ಗುಂಡು ಹೊರಳುವುದು ಮುಗಿಯುವ ಮುನ್ನವೇ ಕಿವಿಯ ಮೂಲೆ ತೋಳಿಗೆ ತಾಗಿತು. ತಾಗಿದ ಮೇಲೆ ಅದು ಕೀಲಲ್ಲ, ಸನ್ನೆಗೋಲು. ಇಡೀ ತೊಟ್ಟಿಯ ಭಾರ ಬೆಸುಗೆಯನ್ನು ಮೀಟಿತು.

ಪರಿಹಾರ ಬಹಳ ಅಗ್ಗದ್ದು. ಕಿವಿಯನ್ನು 25 ಮಿ.ಮೀ. ದುಂಡಕ್ಕೆ ಕತ್ತರಿಸಿದರೆ ಅದೇ ಸಂದಿನಲ್ಲಿ 9 ಡಿಗ್ರಿ ಸಿಗುತ್ತದೆ. ಅಥವಾ ಕಿವಿಯನ್ನು ದೂರವಿಟ್ಟು ಸಂದನ್ನು 8 ಮಿ.ಮೀ. ಮಾಡಿದರೆ 11 ಡಿಗ್ರಿ ಸಿಗುತ್ತದೆ. ನಕ್ಷೆಯ ಹಂತದಲ್ಲೇ ಮಿತಿ ಹಾಕಿ ನೋಡಿದ್ದರೆ ಪೆನ್ಸಿಲಿನ ಖರ್ಚಿನಲ್ಲಿ ಮುಗಿಯುತ್ತಿತ್ತು.

ಜೀಪಿನ ಸ್ಟೇರಿಂಗ್ ಕಂಬಿಯಲ್ಲಿರುವಂಥ, ಕುತ್ತಿಗೆಯುಳ್ಳ ಗುಂಡಿಗೆ ಲೆಕ್ಕ ಬೇರೆ. ಅಲ್ಲಿ ಗುಂಡಿನ ಕುತ್ತಿಗೆ ಬಟ್ಟಲಿನ ಬಾಯಿಗೆ ತಾಗುವವರೆಗೆ ಹೊರಳುತ್ತದೆ. ಉದಾಹರಣೆಗೆ ಗುಂಡು 40 ಮಿ.ಮೀ., ಬಟ್ಟಲಿನ ಬಾಯಿ 32 ಮಿ.ಮೀ., ಕುತ್ತಿಗೆ 16 ಮಿ.ಮೀ. ಇದ್ದರೆ ನೇರ ನಿಲುವಿನಿಂದ ಯಾವ ಕಡೆಗಾದರೂ ಸುಮಾರು 29 ಡಿಗ್ರಿ ಹೊರಳಬಹುದು. ಬಲ ಬರಲೆಂದು ಕುತ್ತಿಗೆಯನ್ನು 20 ಮಿ.ಮೀ. ಮಾಡಿದರೆ 23 ಡಿಗ್ರಿಗೆ ಇಳಿಯುತ್ತದೆ. ಹಿಡಿತ ಬರಲೆಂದು ಬಾಯಿಯನ್ನು 28 ಮಿ.ಮೀ.ಗೆ ಕಿರಿದು ಮಾಡಿ ಕುತ್ತಿಗೆ 16 ಇಟ್ಟರೆ 21 ಡಿಗ್ರಿಯೂ ಪೂರ್ತಿ ಸಿಗದು. ಸೊಂಟ ಮತ್ತು ಭುಜದ ನಿಯಮವನ್ನು ಇಲ್ಲಿ ನೆನೆಯಬಹುದು. ಎರಡೂ ಬೇಕೆಂದರೆ ಗುಂಡನ್ನೇ ದೊಡ್ಡದು ಮಾಡಬೇಕು.

ಆದ್ದರಿಂದ ನಕ್ಷೆ ಬರೆಯುವವರಿಗೆ ನಾವು ಹೇಳುವುದಿಷ್ಟು: ಎಲ್ಲಿ ಗುಂಡು ಕೀಲು ಹಾಕಿದರೂ ಅದರ ಪಕ್ಕದಲ್ಲಿ ಎಷ್ಟು ಡಿಗ್ರಿ ಎಂದು ಬರೆದಿಡಿ. ತಂತ್ರಾಂಶದಲ್ಲಿ ಕೋನದ ಮಿತಿ ಹಾಕಲು ಅವಕಾಶವಿದ್ದರೆ ಹಾಕಿ. ಇಲ್ಲದಿದ್ದರೆ ಸಲಕರಣೆಯನ್ನು ನಾಲ್ಕು ಕೊನೆಗಳಿಗೂ ಒಯ್ದು, ಅಂದರೆ ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಎಲ್ಲಿ ಕಬ್ಬಿಣ ಕಬ್ಬಿಣದೊಳಗೆ ತೂರುತ್ತದೆ ಎಂದು ಕಣ್ಣಲ್ಲಿ ನೋಡಿ.

ಕಂಪ್ಯೂಟರಿಗೆ ತಿಳಿಯದ ಸಂಗತಿಗಳು

ಪರದೆಯ ಗುಂಡು ಎಂದೂ ಸವೆಯುವುದಿಲ್ಲ. ನಮ್ಮದು ಸವೆಯುತ್ತದೆ. ಮಣ್ಣು ಮತ್ತು ಗ್ರೀಸು ಸೇರಿದರೆ ಅದೇ ಅರೆಯುವ ಲೇಪ. ಗುಂಡಿನಲ್ಲಿ 2 ಮಿ.ಮೀ. ಸಡಿಲ ಬಂದರೆ ಏನು ಮಹಾ ಎನ್ನುವವರಿದ್ದಾರೆ. ತೋಳುಗಳ ನಡುವಿನ ಅಂತರ 70 ಸೆಂ.ಮೀ. ಇದ್ದು ಸಲಕರಣೆಯ ತುದಿ 210 ಸೆಂ.ಮೀ. ಹಿಂದಿದ್ದರೆ ಆ 2 ಮಿ.ಮೀ. ತುದಿಯಲ್ಲಿ 6 ಮಿ.ಮೀ. ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಡಿಲ ಗುಂಡು ಪ್ರತಿ ತಿರುವಿನಲ್ಲೂ ಸುತ್ತಿಗೆಯಂತೆ ಬಡಿಯುತ್ತದೆ. ಹಳೆಯ ಕೊಂಡಿಯಿಂದ ಅಳತೆ ತೆಗೆಯುವಾಗ ಸವೆದ ಜಾಗದಲ್ಲಿ ಅಳೆಯಬಾರದು. ವರ್ನಿಯರ್ ಹಿಡಿದು ಸವೆಯದ ದಿಕ್ಕಿನಲ್ಲಿ ಅಳೆಯಬೇಕು. ಗುಂಡು ದುಂಡಗಿಲ್ಲವೆಂದು ಕಂಡರೆ ಹೊಸದರಿಂದ ಅಳೆಯಬೇಕು.

ಬೋರ್ಡೋ ದ್ರಾವಣ ಸಿಂಪಡಿಸುವ ಉದ್ದ ಕೊಳವೆಗಳ ತುದಿಯಲ್ಲಿ ನಳಿಕೆಯನ್ನು ತಿರುಗಿಸಿ ನಿಲ್ಲಿಸಲು ಗುಂಡು ಕೀಲು ಮಾಡಿಸಬಯಸುವವರೂ ಇದ್ದಾರೆ. ಕೊಳೆರೋಗಕ್ಕೆ ನಾವು ಬಳಸುವ ಶೇಕಡಾ 1ರ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೇ ದ್ರಾವಣ ಸರಿಯಾಗಿದೆಯೇ ಎಂದು ಕತ್ತಿಯ ಅಲಗು ಅದ್ದಿ ನೋಡುತ್ತೇವೆ. ಹಾಗಾಗಿ ಈ ಕೀಲು ಹಿತ್ತಾಳೆಯದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಆಗಬೇಕು. ಸುಣ್ಣದ ಗಸಿ ಕೂತು ಗುಂಡು ಬಿಗಿಯುವುದರಿಂದ ಕೆಲಸ ಮುಗಿದ ಕೂಡಲೇ ತೊಳೆಯಬೇಕು. ಇದ್ಯಾವುದೂ ಪರದೆಯ ಮೇಲೆ ಕಾಣುವುದಿಲ್ಲ.

ಜೀವಕ್ಕೆ ಸಂಬಂಧಿಸಿದ ಮಾತು ಇನ್ನೊಂದಿದೆ. ಮೇಲ್ತೋಳಿನ ಜಾಗಕ್ಕೆ ಹಗ್ಗವನ್ನೋ ಸರಪಳಿಯನ್ನೋ ಕಟ್ಟಿ ಮರದ ದಿಮ್ಮಿ ಎಳೆಯಬಾರದು. ಎಳೆತ ಹಿಂದಿನ ಅಚ್ಚಿಗಿಂತ ಮೇಲೆ ಬಿದ್ದರೆ ಟ್ರಾಕ್ಟರಿನ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ. ನಮ್ಮ ಏರುದಾರಿಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಎಳೆಯುವುದೇನಿದ್ದರೂ ಕೆಳಗಿನ ಕೊಂಡಿಯಿಂದ. ಕಂಪ್ಯೂಟರ್ ನಕ್ಷೆಯಲ್ಲಿ ಟ್ರಾಕ್ಟರನ್ನು ನೆಲಕ್ಕೆ ಕಟ್ಟಿರುತ್ತೇವಲ್ಲ, ಆ ಟ್ರಾಕ್ಟರು ಮಗುಚುವುದೇ ಇಲ್ಲ. ತೋಟದ ಟ್ರಾಕ್ಟರನ್ನು ಯಾರೂ ನೆಲಕ್ಕೆ ಕಟ್ಟಿಲ್ಲ.

ವರ್ಕ್‌ಶಾಪಿಗೆ ಕೊಡುವ ಮುನ್ನ

ನಕ್ಷೆಯನ್ನು ಬೆಸುಗೆಗೆ ಕೊಡುವ ಮುನ್ನ ಸದಸ್ಯರು ಕೆಳಗಿನವನ್ನು ಕೇಳಿ ತಿಳಿಯಬೇಕೆಂದು ನಮ್ಮ ಸಲಹೆ. ಇಂಜಿನಿಯರಿಂಗ್ ಓದಿರಬೇಕೆಂದೇನಿಲ್ಲ. ಪ್ರಶ್ನೆ ಕೇಳಲು ಬೆಳೆಗಾರನಿಗೆ ಪೂರ್ತಿ ಹಕ್ಕಿದೆ.

1. ಕೊಂಡಿ ಯಾವ ದರ್ಜೆಯದು? ಪಿನ್ನಿನ ಅಳತೆ ನಮ್ಮ ಟ್ರಾಕ್ಟರಿಗೆ ಹೊಂದುತ್ತದೆಯೇ?
2. ಗುಂಡಿನ ನಡುಬಿಂದುವನ್ನು ಅಗಲದ ಅರ್ಧದಲ್ಲಿ ಹಿಡಿದಿದ್ದೀರಾ?
3. ತೋಳಿನ ಎರಡೂ ತುದಿಯಲ್ಲಿ ಗುಂಡು ಕೀಲೇ ಇದೆಯೇ, ಬಾಗಿಲ ಕೀಲು ಹಾಕಿದ್ದೀರಾ?
4. ಪರದೆಯ ಮೇಲೆ ಸಲಕರಣೆಯನ್ನು ಎಡಬಲಕ್ಕೆ ತೂಗಿಸಿ ತೋರಿಸಿ. ಟಯರಿಗೆ ತಾಗುತ್ತದೆಯೇ?
5. ಒಂದು ತೋಳನ್ನು 9 ಸೆಂ.ಮೀ. ಇಳಿಸಿ ತೋರಿಸಿ. ಕಿವಿ ತೋಳಿಗೆ ತಾಗುತ್ತದೆಯೇ?
6. ತಡೆ ಸರಪಳಿಗೂ ಲಿಂಚ್ ಪಿನ್ನಿಗೂ ಜಾಗ ಇದೆಯೇ? ಪಿನ್ನು ಹಾಕಲು ಕೈ ಹೋಗುತ್ತದೆಯೇ?

ಕೊನೆಯ ಪ್ರಶ್ನೆ ಸಣ್ಣದೆನಿಸಬಹುದು. ಸಲಕರಣೆ ಸಿಕ್ಕಿಸುವಾಗ ಮೊದಲು ಎಡ ಕೆಳತೋಳು, ಆಮೇಲೆ ಬಲ ಕೆಳತೋಳು, ಕೊನೆಗೆ ಮೇಲ್ತೋಳು ಎಂಬುದು ಕ್ರಮ. ಬಲದ ಎತ್ತುವ ಕಂಬಿಯನ್ನು ತಿರುಗಿಸಿ ಎತ್ತರ ಸರಿಹೊಂದಿಸಬಹುದಾದ್ದರಿಂದ ಅದು ಎರಡನೆಯದು. ಬಿಚ್ಚುವಾಗ ಇದರ ತಿರುಗು ಮುರುಗು. ಈ ಕೆಲಸವನ್ನು ಮಾಡುವವನು ಟ್ರಾಕ್ಟರಿಗೂ ಸಲಕರಣೆಗೂ ನಡುವೆ ಬಗ್ಗಿ ನಿಂತಿರುತ್ತಾನೆ. ಅವನ ಕೈಗೆ ಜಾಗವಿಲ್ಲದ ನಕ್ಷೆ ಎಷ್ಟು ಚೆಂದವಿದ್ದರೂ ಬೇಡ. ಅವನು ಅಲ್ಲಿರುವಾಗ ಹೈಡ್ರಾಲಿಕ್ ಸನ್ನೆಯನ್ನು ಯಾರೂ ಮುಟ್ಟಕೂಡದು.

ಕಲಬುರಗಿಯಲ್ಲಿ 1958ರಿಂದ, ಸುರತ್ಕಲ್ಲಿನಲ್ಲಿ 1960ರಿಂದ ಇಂಜಿನಿಯರಿಂಗ್ ಕಾಲೇಜುಗಳು ನಡೆದುಬಂದಿವೆ. ಎರೆಸೀಮೆಯ ಮಕ್ಕಳೂ ಘಟ್ಟದ ಮಕ್ಕಳೂ ಅಲ್ಲಿ ಓದಿ ಬರುತ್ತಾರೆ. ಬಂದ ಮೇಲೆ ಒಂದು ದಿನ ನಕ್ಷೆ ಬರೆಯುವ ಮುನ್ನ ಟ್ರಾಕ್ಟರಿನ ಹಿಂದೆ ಕುಳಿತು, ಗ್ರೀಸಿನ ಕೈಯಲ್ಲಿ ಆ ಗುಂಡನ್ನು ಹೊರಳಿಸಿ ನೋಡಲಿ ಎಂಬುದು ನಮ್ಮ ಆಸೆ. ಎಷ್ಟು ಹೊರಳುತ್ತದೆ, ಎಲ್ಲಿ ತಾಗಿ ನಿಲ್ಲುತ್ತದೆ ಎಂದು ಕೈಗೆ ಗೊತ್ತಾದ ಮೇಲೆ ಪರದೆಯ ಮೇಲೆ ತಪ್ಪಾಗುವುದು ಕಡಿಮೆ.

ಸದಸ್ಯರಲ್ಲಿ ಯಾರಾದರೂ ತೋಟಕ್ಕೆ ತಕ್ಕಂತೆ ಸಲಕರಣೆ ಮಾಡಿಸಿದ್ದು, ಅದರ ಕೊಂಡಿಯಲ್ಲಿ ತೊಂದರೆ ಕಂಡು ಸರಿಪಡಿಸಿಕೊಂಡಿದ್ದರೆ ನಾಲ್ಕು ಸಾಲು ಬರೆದು ಸಂಘದ ಕಚೇರಿಗೆ ಕಳುಹಿಸಬೇಕಾಗಿ ವಿನಂತಿ. ಅಳತೆಗಳನ್ನು ತಪ್ಪದೆ ಬರೆಯಿರಿ. ಮುರಿದದ್ದನ್ನೂ ಮುಚ್ಚಿಡದೆ ಬರೆಯಿರಿ. ಒಬ್ಬರ ತೊಟ್ಟಿಯ ಕಿವಿ ಮುರಿದದ್ದು ಹತ್ತು ಜನರ ಕಿವಿಗೆ ಬಿದ್ದರೆ ಹನ್ನೊಂದನೆಯದು ಮುರಿಯಬೇಕಿಲ್ಲ.